ನಲವತ್ತೆಂಟು ಖಣ

ಸಾ ಮಿಲ್ಲಿನವರು ತೊಲಿ ನೋಡಿ ತಲಿ ಅಲ್ಲಾಡಿಸಿದ್ರು.
ಹಳೇ ಹತ್ತಿ ಜಿನ್ನಿನ ಸಾಗವಾನಿ,
ಹೊಟ್ಟಿ ತುಂಬ ಚೌಕ ಮೊಳಿ.
'ನಮ್ಮ ಬ್ಲೇಡು ಹೋಗ್ತೈತಿ, ಮನಿಗೆ ಒಯ್ಯಿರಿ.'

ಒಯ್ದಿವಿ. ಅಥಣಿಯ ನಮ್ಮ ಓಣ್ಯಾಗ, ಬೇವಿನ ಬುಡಕ್ಕ
ತೊಲಿ ಅಡ್ಡ ಕೆಡವಿದ್ವಿ.
ದೊಡ್ಡ ಕರಗಸಕ್ಕ ಎರಡು ಹಿಡಿ,
ಒಂದು ತುದಿ ಇವರದು, ಒಂದು ನಂದು.
ನಾವು ಮಾತಾಡಿ ಹನ್ನೊಂದು ದಿನ ಆಗಿತ್ತು.

ಕಾರಣ ಇಷ್ಟ:
ಗಂಧಿಗಿ ಅಂಗಡಿ ಚನಮಲ್ಲಪ್ಪನ ಹೆಂಡತಿ ನೀಲವ್ವ
ಹಾಲಿನ ಡೇರಿ ಮುಂದ ನಿಂತು ಕೇಳಿದ್ಲು,
ನಲವತ್ತೆಂಟು ಖಣದ ಕಪಾಟು, ಆಳೆತ್ತರ, ಎಷ್ಟಾಕ್ಕೈತಿ?
ನಾ ಬಾಯಿಗೆ ಬಂದದ್ದು ಹೇಳಿಬಿಟ್ಟೆ.
'ಕಟಗಿ ರೇಟು ನಿನಗೇನು ತಿಳೀತೈತಿ' ಅಂದ್ರು ಇವರು.
ಆಮ್ಯಾಲ ಇಬ್ಬರ ಬಾಯಿಗೂ ಚಿಲಕ.

ಕರಗಸಕ್ಕ ಒಂದು ಸ್ವಭಾವ ಐತಿ.
ನೂಕಬಾರದು, ಎಳಿಬೇಕು,
ಎಳದು ಬಿಡಬೇಕು,
ಆ ಕಡೆಯವರು ಎಳೀತಾರಂತ ನಂಬಿ
ಕೈ ಸಡ್ಲ ಬಿಡಬೇಕು.
ಸಿಟ್ಟಿಲೆ ನೂಕಿದ್ರ ಅಲಗು ಬಾಗಿ
ನಡುವ ಸಿಕ್ಕೊಂಡು ಇಬ್ಬರನ್ನೂ ನೋಡ್ತೈತಿ.
ಮೊದಲ ದಿನ ನಾಕ ಸಲ ನಿಂತಿತು.
ಮರುದಿನ ಒಂದ ಸಲ.
ಮೂರನೇ ದಿನ ಕರ್ರಂತ ಸಪ್ಪಳಾತು,
'ಮೊಳಿ' ಅಂದ್ರು ಇವರು.
ಹದಿನಾಕು ದಿನಕ್ಕ ಮೊದಲನೇ ಮಾತು, ಮೊಳಿ.
ನಾ ಇಕ್ಕಳ ಕೊಟ್ಟೆ.

ಸಂಜಿಗೆ ಒಡಕು ಹಂಚಿನ್ಯಾಗ ಮೂವತ್ತೊಂದು ಇದ್ದವು,
ಯಾವನೋ ಕಮ್ಮಾರ ಒಂದೊಂದೇ ಬಡದದ್ದು,
ಒಂದರಂಗ ಒಂದಿಲ್ಲ.

ರಂಧಾ ಹೊಡದ್ರ
ನೂರು ವರ್ಷದ ಹೊಗಿ ಸುರುಳಿ ಸುರುಳಿ ಬಿಚ್ಚಿತು,
ಒಳಗ ಬೆಲ್ಲದ ಬಣ್ಣ.
ಸುರುಳಿ ಬಳದು ನಾ ಒಲಿಗೆ ಹಾಕಿದ್ನಿ;
ಆ ವಾರದ ರೊಟ್ಟಿಗೆಲ್ಲ ಸಾಗವಾನಿ ವಾಸನಿ.

ಕಾಲಿಗೆ ತೂತು, ಅಡ್ಡಪಟ್ಟಿಗೆ ಕೂಸು.
ಗಡಿ ಆಚಿ ಬಡಿಗ್ಯಾರ ಮಾತಂತ ಅದು,
ನಮ್ಮ ಬಾಯಾಗ ಬಿದ್ದು ಕೂಸಾಗೈತಿ.
'ಕೂಸು ದಪ್ಪಾತು, ಉಳಿ ತಾ, ಕೆತ್ತೂನು' ಅಂತ ಇವರು ಕೂಗಿದ್ರ
ಮಗ್ಗಲ ಮನಿ ಹೊಸಾ ಸೊಸಿ
ಹಿಟ್ಟಿನ ಕೈಲೆ ಓಡಿಬಂದು ಇಣುಕಿದ್ಲು.
ಅವತ್ತ ಇಬ್ಬರೂ ನಕ್ಕಿವಿ,
ಒಬ್ಬರಿಗೊಬ್ಬರು ಬೆನ್ನು ಮಾಡಿ.

ಮೊಳಿ ತುಂಬಿದ ತೊಲಿಯೊಳಗಿಂದ
ಒಂದೂ ಮೊಳಿ ಇಲ್ಲದ ಕಪಾಟು ಎದ್ದು ನಿಂತಿತು.
ಬರೇ ಕೂಸು, ಬರೇ ಬೆಣಿ.
ಖಣಕ್ಕೆಲ್ಲ ಹಿಂದ ಪೆನ್ಸಿಲ್ಲಿನ ನಂಬರು:
ಹದಿನಾರು ಹದಿನೇಳರ ಮನ್ಯಾಗ ಹೋಗಂಗಿಲ್ಲ.

ನಲವತ್ತೆಂಟನೇದು ಸಿಕ್ಕೊಂತು.
ಮೂರು ಸಲ ತಗದ್ರು, ಮೂರು ಸಲ ಬೈದ್ರು,
ಉಂಡು ಕಪಾಟಿನ ನೆರಳಿಗೆ ಮಲಗಿದ್ರು.
ಮಾವನ ರಂಧಾ ಅದು, ನಾ ಮುಟ್ಟಿದ್ದಿಲ್ಲ;
ಹಿಡಿಯಾಗ ಅವರ ಹೆಬ್ಬಟ್ಟಿನ ಗುಣಿ,
ನನ್ನ ಹೆಬ್ಬಟ್ಟು ಅದರಾಗ ಅರ್ಧಾ ಮುಳುಗಿತು.
ಎಡಕ್ಕ ಎರಡು, ಬಲಕ್ಕ ಒಂದು.
ಕಡೀಕ ಮೇಣಬತ್ತಿ ತಿಕ್ಕಿದ್ನಿ.
ಬೆರಳಿಲೆ ಒತ್ತಿದ್ನಿ, ಹೋತು,
ಉಸಿರು ಬಿಟ್ಟಂಗ ಹೋತು.
ಆ ಗಾಳಿಗೆ ಅತ್ತಲಾಗ ಹದಿನೇಳನೇದು
ತಾನ ಎರಡು ಬೆರಳು ಹೊರಗ ಬಂತು.

ಕಣ್ಣು ತಗೀದ ಇವರು ಅಂದ್ರು:
'ಎಷ್ಟು ಹೊಡದಿ?'
ಮೂರು.
'ಇನ್ನೊಂದು ಹೊಡದಿದ್ರ ಕೆಡ್ತಿತ್ತು.'
ನನಗೊತ್ತು, ಅಂದ್ನಿ.

ಕೈಗಾಡಿ ಮ್ಯಾಲ ಹೊತ್ತು ಒಯ್ದು ಇಳಿಸಿದ್ವಿ.
ನೀಲವ್ವ ಹೇಳಿದಷ್ಟೇ ಎಣಿಸಿದ್ಲು.
ಇವರು ತಗೋಳಿಲ್ಲ, ನನ್ನ ಕಡೆ ಗದ್ದ ತೋರಿಸಿದ್ರು.
ಕಡಿಮಿ ಆತಂತ ಈಗೂ ಅಂತಾರ.
ಖರೇನ ಕಡಿಮಿ. ಈಗ ನನಗೂ ಗೊತ್ತೈತಿ,
ಅಂಗೈ ಗುಳ್ಳಿ ಲೆಕ್ಕದಾಗ.

ಮೊನ್ನೆ ಬಜಿ ತರಾಕ ಹೋಗಿದ್ನಿ.
ಅಂಗಡಿ ಹುಡುಗ ಬಜಿ ಕೊಟ್ಟು ಖಣ ಒತ್ತಿದ,
ಹಿಪ್ಪಲಿ ಹೊರಗ ಬಂತು.
ಹಿಪ್ಪಲಿ ಒತ್ತಿದ, ಲೋಬಾನ ಬಂತು.
'ಕೆಟ್ಟೈತಿ ನೋಡ್ರಿ, ಹೊಸಾ ಕಪಾಟು' ಅಂದ.
ಚಿಲ್ಲರಿ ಎಣಿಸ್ಕೊಂತ
ನಾ ಏನೂ ಅನ್ನಲಿಲ್ಲ.